ನಮ್ಮ ಸಾಮಾನಿಗೂ ಜಾಗ ಕೊಟ್ಟವರು

ಬಾಡಿಗೆ ಮನೆ ಖಾಲಿ ಮಾಡುವ ದಿನ ಸಾಮಾನೆಲ್ಲ ಬೀದಿಗೆ ಬಂದಾಗ ‘ಇಷ್ಟೇನಾ ನಮ್ಮ ಸಂಸಾರ’ ಅನ್ನಿಸುತ್ತದೆ. ಅದೇ ಸಾಮಾನನ್ನು ಇನ್ನೊಬ್ಬರ ಹೊಸ್ತಿಲ ಮುಂದೆ ಇಳಿಸುವಾಗ ‘ಇಷ್ಟೊಂದಾ’ ಎಂದು ಮೈ ಕುಗ್ಗುತ್ತದೆ. ಟ್ರಂಕು, ಹಾಸಿಗೆಯ ಸುರುಳಿ, ತಾಮ್ರದ ಹಂಡೆ, ದೇವರ ಪಟಗಳು, ಒಂದು ಒರಳುಕಲ್ಲು. ಮನುಷ್ಯರಾದರೆ ಮುದುರಿ ಕೂರಬಹುದು, ಮಗ್ಗುಲಾಗಿ ಮಲಗಬಹುದು, ಹಗಲೆಲ್ಲ ಹೊರಗೆ ಕಳೆದು ಕತ್ತಲಾದ ಮೇಲೆ ಬರಬಹುದು. ಒರಳುಕಲ್ಲು ಇಟ್ಟಲ್ಲಿ ಇಟ್ಟಷ್ಟು ಜಾಗ ಬೇಡುತ್ತದೆ. ಹಾಗಾಗಿ ನೆಲೆ ತಪ್ಪಿದ ಸಂಸಾರವೊಂದನ್ನು ಒಳಗೆ ಕರೆದುಕೊಂಡವರ ದೊಡ್ಡತನ ಎಷ್ಟೆಂದು ತಿಳಿಯಬೇಕಾದರೆ ಅವರು ಆ ಸಂಸಾರದ ಸಾಮಾನನ್ನು ಎಲ್ಲಿಟ್ಟರು ಎಂದು ನೋಡಬೇಕು ಎಂಬುದು ನನ್ನ ನಂಬಿಕೆ.

ನಮ್ಮ ಒರಳುಕಲ್ಲನ್ನು ಹಿಂದೂಪುರದ ಖಾಲಾ ತಮ್ಮ ಅಂಗಳದಲ್ಲಿ, ತಮ್ಮ ಒರಳಿನ ಪಕ್ಕದಲ್ಲೇ ಹೂಳಿಸಿದರು. ಸುಮ್ಮನೆ ಇಡಿಸಲಿಲ್ಲ, ಮಗನ ಕೈಲಿ ಗುಂಡಿ ತೋಡಿಸಿ, ಅಲುಗಾಡದಂತೆ ಮಣ್ಣು ಬಿಗಿಸಿ ಹೂಳಿಸಿದರು. ಅಮ್ಮ ಸಂಕೋಚದಿಂದ, “ಯಾಕೆ ಖಾಲಾ, ನಾಲ್ಕು ದಿನದ ಮಾತಿಗೆ” ಅಂದರೆ, “ನಾಲ್ಕು ದಿನ ಆದ್ರೂ ರುಬ್ಬಬೇಕಲ್ಲಮ್ಮ, ಅಲ್ಲಾಡೋ ಕಲ್ಲಲ್ಲಿ ಹೆಂಗೆ ರುಬ್ತೀಯ?” ಎಂದು ಗದರಿಕೊಂಡರು. ಅವತ್ತು ಅಮ್ಮ ಮೊದಲ ಸಲ ಅತ್ತಿದ್ದು. ಮನೆ ಬಿಡಿ ಅಂದಾಗಲೂ ಅತ್ತಿರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಸಂಗತಿ. ಅಪ್ಪ ಹಿಂದೂಪುರದ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ತೂಕ ಹಾಕುತ್ತಿದ್ದರು. ಹುಣಸೆ, ಬೆಲ್ಲ, ಮೆಣಸಿನಕಾಯಿಗೆ ಹೆಸರಾದ ಊರು ಅದು. ಸುಗ್ಗಿಯ ತಿಂಗಳುಗಳಲ್ಲಿ ಕರ್ನಾಟಕದ ಕಡೆಯಿಂದಲೂ ಗಾಡಿಗಳು ಬಂದು ನಿಲ್ಲುತ್ತವೆ. ಹಣ್ಣು ಕರಿಪುಳಿ, ಫ್ಲವರ್ ಎಂದು ಬೇರೆಯಾಗಿ ರಾಶಿ ಬೀಳುತ್ತದೆ, ಬೀದಿಯ ಗಾಳಿಯೇ ಹುಳಿಯಾಗುತ್ತದೆ. ನಾವು ಮಡಕಶಿರಾ ಕಡೆಯ ಹಳ್ಳಿಯವರು, ಮನೆಮಾತು ಕನ್ನಡ. ಅಪ್ಪ ಇದ್ದ ಮಂಡಿ ಬಾಗಿಲು ಹಾಕಿತು. ಬಾಡಿಗೆ ನಿಂತಿತು. ಮನೆಯೊಡೆಯರಿಗೂ ಅವರದೇ ಕಷ್ಟಗಳಿದ್ದವು. ಅವರು ಕಾದಷ್ಟು ಕಾದರು. ಊರಿನಲ್ಲಿದ್ದ ತುಂಡು ಹೊಲ ಮಳೆಯಿಲ್ಲದೆ ಬಿದ್ದಿತ್ತು, ಅಲ್ಲಿಗೆ ಹಿಂದಿರುಗಿದರೆ ತಿನ್ನಲು ಏನೂ ಇರಲಿಲ್ಲ. ಅಪ್ಪ ರೈಲು ಹತ್ತಿ ಬೆಂಗಳೂರಿಗೆ ಹೋದರು. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸ, ರಾತ್ರಿ ಅಲ್ಲೇ ಗೋದಾಮಿನಲ್ಲಿ ಮಲಗುವುದು. ಅಮ್ಮ, ನಾನು, ತಮ್ಮ ಖಾಲಾ ಮನೆಗೆ ಬಂದೆವು.

ಖಾಲಾಗೂ ನಮಗೂ ಏನು ಸಂಬಂಧ? ಅಮ್ಮ ಮನೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುವ ಕೂಲಿ ಮಾಡುತ್ತಿದ್ದಳು. ಖಾಲಾ ಎರಡು ಬೀದಿ ಆಚೆ ರೇಷ್ಮೆ ಬಿಚ್ಚಾಣಿಕೆಗೆ ಹೋಗುತ್ತಿದ್ದರು. ಇಬ್ಬರೂ ಒಂದೇ ಕೊಳಾಯಿಯಲ್ಲಿ ನೀರು ಹಿಡಿಯುತ್ತಿದ್ದರು. ಇದ್ದ ಸಂಬಂಧ ಇಷ್ಟೇ. ಕುದಿಯುವ ನೀರಿನಲ್ಲಿ ಗೂಡು ಕಲೆಸಿ ಕಲೆಸಿ ಖಾಲಾ ಬೆರಳುಗಳು ಸದಾ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಅಮ್ಮನ ಬೆರಳುಗಳು ಹುಣಸೆ ನಾರಿನಿಂದ ಬಿರಿದಿರುತ್ತಿದ್ದವು. ಸಂಜೆ ಇಬ್ಬರೂ ಕೊಬ್ಬರಿ ಎಣ್ಣೆ ಸವರಿಕೊಂಡು ಅಂಗಳದಲ್ಲಿ ಕೂರುವುದನ್ನು ನಾನು ಆಮೇಲೆ ಆ ಮನೆಯಲ್ಲೇ ಇದ್ದು ನೋಡಿದೆ.

ಮನೆಯೆಂದರೆ ಒಂದು ಉದ್ದನೆಯ ಕೋಣೆ, ಒಂದು ಅಡುಗೆಮನೆ, ಅಂಗಳ. ಅಲ್ಲಿ ಅವರದೇ ಆರು ಜನ. ಖಾಲಾ ಗಂಡ ಟೈಲರ್. ಅವರ ಮಿಷಿನ್ನೂ ಆ ಉದ್ದನೆಯ ಕೋಣೆಯಲ್ಲೇ. ಅವರು ಮಿಷಿನ್ನನ್ನು ಅಂಗಳದ ಚಪ್ಪರಕ್ಕೆ ಸಾಗಿಸಿ, “ಇಲ್ಲಿ ಬೆಳಕು ಚೆನ್ನಾಗೈತೆ, ನನಗೂ ಕಣ್ಣಿಗೆ ಒಳ್ಳೇದು” ಅಂದರು. ಮಿಷಿನ್ನಿದ್ದ ಜಾಗಕ್ಕೆ ಅಡ್ಡಲಾಗಿ ಒಂದು ಸೀರೆ ಕಟ್ಟಿದರು. ಅದು ನಮ್ಮದಾಯಿತು. ಮಳೆ ಬಂದಾಗ ಮಿಷಿನ್ನಿಗೆ ತಾಡಪಾಲು ಹೊದಿಸಲು ಅವರು ಓಡಿಬರುತ್ತಿದ್ದರು. ಒಂದು ಸಲವೂ ಅದನ್ನು ಒಳಗೆ ತರುವ ಮಾತೆತ್ತಲಿಲ್ಲ.

ನಾನು ಈಗ ಹೇಳಹೊರಟಿರುವುದು ಇದಕ್ಕಿಂತ ದೊಡ್ಡದು ಎಂದು ನನಗನ್ನಿಸುವ ಒಂದು ಉಪಕಾರ. ಖಾಲಾ ಮನೆಯವರು ನಮಗೆ ತಮ್ಮ ವಿಳಾಸ ಕೊಟ್ಟರು.

ಅಪ್ಪ ಬೆಂಗಳೂರಿನಿಂದ ಮನಿಯಾರ್ಡರ್ ಮಾಡಬೇಕು. ಯಾವ ಮನೆಗೆ? ಎನ್.ಟಿ. ರಾಮರಾವ್ ಸರ್ಕಾರ 1983ರಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ತಂದಿತ್ತು. 1985ರಲ್ಲಿ ಅದೇ ರಾಮರಾವ್ ನಮ್ಮ ಹಿಂದೂಪುರದ ಶಾಸಕರೂ ಆದರು. ಆ ಅಕ್ಕಿ ಬರದ ಕಾಲದಲ್ಲಿ ಎಷ್ಟು ಒಲೆಗಳನ್ನು ಉಳಿಸಿತೆಂದು ಉಂಡವರಿಗೆ ಗೊತ್ತು. ಆದರೆ ಕಾರ್ಡಿನಲ್ಲಿ ಮನೆ ನಂಬರು ಇರಬೇಕು, ಆ ಮನೆಯಲ್ಲಿ ನಾವಿರಬೇಕು. ಶಾಲೆಯ ರಿಜಿಸ್ಟರಿನಲ್ಲೂ ಬರೆಸಬೇಕು. ಗೋಡೆ, ಸೂರು ಹೋದಾಗ ಆಗುವ ಕಷ್ಟ ಕಣ್ಣಿಗೆ ಕಾಣುತ್ತದೆ. ಕಾಗದದ ಮೇಲೆ ನೀನು ಎಲ್ಲಿಯವಳೂ ಅಲ್ಲ ಎಂದಾಗುವುದು ಮೆಲ್ಲಗೆ ತಿಳಿಯುತ್ತದೆ. ಟೈಲರ್ ಮಾಮು ಒಂದು ದಿನ ಹೊಲಿಗೆ ನಿಲ್ಲಿಸಿ ನಮ್ಮ ಕಾರ್ಡು ಹಿಡಿದು ಅಂಗಡಿಗೆ ಹೋದರು. ಸಾಲಿನಲ್ಲಿ ನಿಂತಿದ್ದವರೆಲ್ಲರ ಮುಂದೆ, “ಇವರು ನಮ್ಮನೇಲೇ ಇರೋದು, ನಮ್ಮ ಡೋರ್ ನಂಬರೇ ಹಾಕು” ಅಂದರು. ಎರಡು ಜಾತಿ, ಎರಡು ಧರ್ಮದ ಹೆಸರುಗಳು ಒಂದೇ ನಂಬರಿನ ಮನೆಯಲ್ಲಿ. ಬರೆದುಕೊಳ್ಳುವವನು ತಲೆಯೆತ್ತಿ ನೋಡಿದ. ಮಾಮು ಕದಲಲಿಲ್ಲ. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ. ಅವರ ಅಂಗಿಯ ಮೇಲೆ ಅಂಟಿದ್ದ ದಾರದ ಚೂರುಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ.

ಬೇಸಿಗೆ ರಜೆ ಬಂದಾಗ ಕಲ್ಯಾಣದುರ್ಗದಿಂದ ಕರೆ ಬಂತು. ಅಪ್ಪನ ಮಂಡಿಗೆ ಬರುತ್ತಿದ್ದ ಲಾರಿಯ ಡ್ರೈವರಣ್ಣ ಒಬ್ಬರು ನಮ್ಮ ಕಥೆ ತಿಳಿದು, “ನಮ್ಮಮ್ಮ ಒಬ್ಬಳೇ ಅವಳೆ, ಬಿತ್ತನೆ ಬೀಜ ಸುಲಿಯೋಕೆ ಕೈ ಸಾಲ್ತಿಲ್ಲ, ಅಕ್ಕನ್ನ ಮಕ್ಕಳನ್ನ ಕಳಿಸಿ” ಎಂದು ಹೇಳಿಕಳಿಸಿದರು. ಒರಳುಕಲ್ಲು, ಹಂಡೆ, ಒಂದು ಟ್ರಂಕು, ರೇಷನ್ ಕಾರ್ಡು ಖಾಲಾ ಮನೆಯಲ್ಲೇ ಉಳಿದವು. ಖಾಲಾ ಅದನ್ನು ಷರತ್ತು ಮಾಡಿಯೇ ಬಿಟ್ಟುಕೊಟ್ಟರು: ಸಾಮಾನು ಇಲ್ಲಿದ್ದರೆ ನೀವು ಬರುತ್ತೀರಿ.

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ಆಂಧ್ರದಿಂದ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೆ ಬೀಳುತ್ತೀರಿ. ಪಾವಗಡ ಮೂರು ಪಾಲು ಆಂಧ್ರ ಸುತ್ತುವರಿದ ಕರ್ನಾಟಕದ ತಾಲ್ಲೂಕು. ಬಸ್ಸಿನ ಕಿಟಕಿಯಲ್ಲಿ ಅಂಗಡಿಯ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ತಿರುಗುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ತೆಲುಗಾಗುತ್ತವೆ. ಒಳಗೆ ಕೂತವರ ಮಾತು ಮಾತ್ರ ಮೊದಲಿನಿಂದ ಕೊನೆಯವರೆಗೆ ಎರಡೂ ಬೆರೆತದ್ದೇ. ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರೆ ಮಾಡಿದ್ದು 1882ರಲ್ಲಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗವೂ ಆ ಕಡೆಗೆ ಹೋಯಿತು. ಗೆರೆ ಎಳೆದವರು ಎಳೆದರು. ಇಲ್ಲಿಯ ಜನಕ್ಕೆ ಬೀಗರು, ಸಂತೆ, ಜಾತ್ರೆ, ದೇವರು ಎರಡೂ ಕಡೆ.

ಕಲ್ಯಾಣದುರ್ಗದ ಆ ಮುದುಕಿಯನ್ನು ನಾವು ಪೆದ್ದಮ್ಮ ಅನ್ನುತ್ತಿದ್ದೆವು. ಊರ ಅಂಚಿನಲ್ಲಿ ಮಣ್ಣಿನ ಮಾಳಿಗೆಯ ಮನೆ, ಆಚೆಗೆ ಕೆಂಪು ನೆಲ, ಕೆಂಪು ನೆಲದ ತುಂಬ ಕಡಲೆಕಾಯಿ ಬಿತ್ತುವ ಹೊಲಗಳು. ಮುಂಗಾರು ಬೀಳುವ ಮುಂಚೆ ಬೀಜ ಸುಲಿದಿಡಬೇಕು. ಯಂತ್ರಕ್ಕೆ ಹಾಕಿದರೆ ಬೇಳೆ ಒಡೆಯುತ್ತದೆ, ಸಿಪ್ಪೆ ತರಚುತ್ತದೆ, ಮೊಳೆಯುವುದಿಲ್ಲ ಎಂದು ಬಿತ್ತನೆಗೆ ಕೈಯಲ್ಲೇ ಸುಲಿಯುತ್ತಿದ್ದರು. ಹೆಂಗಸರು, ಮಕ್ಕಳು ಸುತ್ತ ಕೂತು ಕಾಯಿಯ ಮೂತಿಯನ್ನು ನೆಲಕ್ಕೆ ತಟ್ಟಿ ಹೆಬ್ಬೆರಳಿನಿಂದ ಬಿಡಿಸುವುದು. ಸುಲಿದ ಬೀಜವನ್ನು ಸೇರಿನಲ್ಲಿ ಅಳೆದು ಕೂಲಿ ಕೊಡುವುದು.

ಬಂದ ಮೊದಲ ವಾರದಲ್ಲೇ ಪೆದ್ದಮ್ಮ ಆ ಸೇರನ್ನು ಅಮ್ಮನ ಕೈಗೆ ಕೊಟ್ಟರು. “ನನಗೆ ಕಣ್ಣು ಕಾಣಲ್ಲ, ನೀನೇ ಅಳಿ, ನೀನೇ ಲೆಕ್ಕ ಇಡು.” ಅವರ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ರಾತ್ರಿ ಎಣ್ಣೆ ದೀಪದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಬೇರೆಯವರ ಮನೆಯ ಅನ್ನ ಉಣ್ಣುತ್ತಿದ್ದೇನೆ ಎಂದು ಕುಗ್ಗಿಹೋಗಿದ್ದ ಹೆಂಗಸಿಗೆ ಹತ್ತು ಜನರ ಕೂಲಿ ಅಳೆಯುವ ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಅಮ್ಮನ ದನಿ ಮರಳಿ ಬಂತು. ತಮ್ಮನನ್ನು ಗದರುವುದಕ್ಕೂ ಹಿಂಜರಿಯುತ್ತಿದ್ದವಳು ನಗುವುದಕ್ಕೂ ಶುರುಮಾಡಿದಳು. ಮಧ್ಯಾಹ್ನ ರಾಗಿ ಸಂಗಟಿ, ಹುರಿದ ಕಡಲೆಬೀಜಕ್ಕೆ ಒಣಮೆಣಸಿನಕಾಯಿ, ಹುಣಸೆ ಹಾಕಿ ಕುಟ್ಟಿದ ಚಟ್ನಿ. ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದೆವು. ಬಡಿಸುವವಳು ಅಮ್ಮ.

ಆ ಬೇಸಿಗೆಯಲ್ಲೇ ಪೆದ್ದಮ್ಮನ ಹೊಲದಲ್ಲಿ ಕುರಿ ಮಂದೆ ಬಂದು ನಿಂತಿತು. ಆ ಕಡೆ ಕುರುಬರು ಬಹಳ. ಮೇವು ಅರಸಿ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ನಡೆಯುತ್ತಾರೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲ ನೆಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ಕುರಿಯವರಿಗೆ ಊಟವೋ ಕಾಳೋ ಕಾಸೋ ಕೊಡುವುದು ಹಿಂದಿನಿಂದ ಬಂದ ರೂಢಿ. ತಲೆಯ ಮೇಲೆ ಸೂರಿಲ್ಲದ ಆ ಜನರನ್ನು ಕಂಡು ಯಾರೂ ಅಯ್ಯೋ ಅನ್ನುತ್ತಿರಲಿಲ್ಲ. ನಮ್ಮ ಹೊಲಕ್ಕೆ ಮೊದಲು ಬನ್ನಿ ಎಂದು ಕರೆಯಲು ಪೈಪೋಟಿ ಇತ್ತು. ಪೆದ್ದಮ್ಮ ಸಂಗಟಿಯ ಮುದ್ದೆಗಳನ್ನು ಕಟ್ಟಿ ನಮ್ಮ ಕೈಲಿ ಕಳಿಸುತ್ತಿದ್ದರು. ಬಂದವರನ್ನು ಬೇಕಾದವರನ್ನಾಗಿ ಮಾಡಿಕೊಳ್ಳುವುದು ಅವರಿಗೆ ಅಲ್ಲಿಂದಲೇ ಬಂದಿತ್ತೇನೋ. ಅನಂತಪುರದ ಮಳೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚಿಕೆಯಿಲ್ಲದ್ದು. ಒಂದಲ್ಲ ಒಂದು ವರ್ಷ ಮನೆಗೆ ಬೀಗ ಹಾಕಿ ಬೇರೆ ಊರಿಗೆ ಕೂಲಿಗೆ ಹೋಗದ ಸಂಸಾರ ಆ ಸೀಮೆಯಲ್ಲಿ ಅಪರೂಪ. ಬಾಗಿಲಲ್ಲಿ ನಿಂತವರ ಸ್ಥಿತಿ ಒಳಗಿದ್ದವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಅಷ್ಟು ದಿನವೂ ಹಿಂದೂಪುರದಲ್ಲಿ ನಮ್ಮ ಕಾರ್ಡಿನ ಅಕ್ಕಿಯನ್ನು ಟೈಲರ್ ಮಾಮು ತಪ್ಪದೆ ಎತ್ತುತ್ತಿದ್ದರು. ಡ್ರೈವರಣ್ಣನ ಲಾರಿ ಆ ಕಡೆ ಬಂದಾಗ ಚೀಲ ಹೊಲಿದು ಕೊಡುತ್ತಿದ್ದರು. ಮಧ್ಯೆ ಚೆಕ್‌ಪೋಸ್ಟಿನಲ್ಲಿ ಏನಿದು ಎಂದು ಕೇಳಿದರೆ ಡ್ರೈವರಣ್ಣ, “ನಮ್ಮಕ್ಕನ ಮನೆ ರೇಷನ್ನು” ಅನ್ನುತ್ತಿದ್ದರಂತೆ. ಚೀಲದ ಬಾಯಿಗೆ ಟೈಲರನ ಹೊಲಿಗೆ, ಒತ್ತಾಗಿ, ಒಂದು ಕಾಳೂ ಉದುರದಂತೆ. ಅಮ್ಮ ಆ ಹೊಲಿಗೆಯನ್ನು ಕತ್ತರಿಸುತ್ತಿರಲಿಲ್ಲ. ದಾರದ ತುದಿ ಹುಡುಕಿ ಒಂದೊಂದಾಗಿ ಬಿಚ್ಚಿ, ದಾರವನ್ನು ಸುತ್ತಿ ಎತ್ತಿಡುತ್ತಿದ್ದಳು.

ದೊಡ್ಡವಳಾದ ಮೇಲೆ ಬೇರೆಯವರ ಕಥೆಗಳನ್ನು ಓದುವಾಗ ನಾನು ಒಂದನ್ನೇ ಹುಡುಕುತ್ತೇನೆ: ಇವರಿಗೆ ಮಲಗಲು ಜಾಗ ಕೊಟ್ಟವರು ಯಾರು? ಹಿಂದೂಪುರಕ್ಕೆ ಹತ್ತಿರದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯ ಎಂಬ ಬಡ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದದ್ದು ನಮ್ಮ ಕಡೆ ಎಲ್ಲರೂ ಹೇಳುವ ಕಥೆ. ಬಸ್ಸಿಗೆ ದುಡ್ಡಿಲ್ಲದೆ ಎಂಬತ್ತು ಕಿಲೋಮೀಟರ್ ನಡೆದದ್ದನ್ನು ಎಲ್ಲರೂ ಮೆಚ್ಚುತ್ತಾರೆ. ಊರು ಮುಟ್ಟಿದ ಮೇಲೆ ಅವರನ್ನು ಇರಿಸಿಕೊಂಡು ಅನ್ನ ಹಾಕಿದ್ದು ಬಡ ವಿದ್ಯಾರ್ಥಿಗಳ ಉಚಿತ ವಿದ್ಯಾರ್ಥಿನಿಲಯ ಎಂಬುದನ್ನೂ ಅಷ್ಟೇ ಪ್ರೀತಿಯಿಂದ ನೆನೆಯಬೇಕು. ಅಂಥ ಒಂದು ಚಾಪೆಯಷ್ಟಗಲದ ಜಾಗ ಇರದಿದ್ದರೆ ನಡೆದ ದಾರಿಯನ್ನೇ ತಿರುಗಿ ನಡೆಯಬೇಕಾಗಿತ್ತು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಅವರು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆ ಬಿಟ್ಟು ಮನೆ ಮಾಡಲಿಲ್ಲ, 2005ರಲ್ಲಿ ತೀರಿಕೊಳ್ಳುವವರೆಗೂ. ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಸಂಸ್ಕೃತ ಕಲಿಯಲು ಮೈಸೂರಿಗೆ ಬಂದಾಗ ಅವರನ್ನು ಕೈಹಿಡಿದದ್ದು ಪರಕಾಲ ಮಠ. ಆ ಹುಡುಗ ಮುಂದೆ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು.

ಹೊರಗಿನಿಂದ ಈ ನೆಲಕ್ಕೆ ಬಂದು ನಿಂತವರೂ ಇದ್ದಾರೆ. ಸ್ಪೇನ್ ದೇಶದ ವಿನ್ಸೆಂಟ್ ಫೆರರ್ ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ನಡುವೆ ಕೆಲಸ ಮಾಡುತ್ತಿದ್ದಾಗ 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ಮರಳಿ ಬಂದವರಿಗೆ ನೆಲೆಯಾದದ್ದು ಅನಂತಪುರ. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟು ಈ ಜಿಲ್ಲೆಯ ದಲಿತ, ಬಡ ಕುಟುಂಬಗಳಿಗೆ ಸಾಲು ಸಾಲು ಮನೆ ಕಟ್ಟಿಸಿಕೊಟ್ಟಿತು, ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸುತ್ತಿದೆ. ಆ ಮನೆಗಳ ಪತ್ರವನ್ನು ಮನೆಯ ಹೆಂಗಸಿನ ಹೆಸರಿಗೆ ಮಾಡಿಕೊಡುತ್ತಾರೆ. ಇದನ್ನು ಮೊದಲು ಕೇಳಿದಾಗ ನನಗೆ ಅಮ್ಮನ ಕೈಯಲ್ಲಿದ್ದ ಪೆದ್ದಮ್ಮನ ಸೇರು ನೆನಪಾಯಿತು. ನೆಲೆ ಕಳೆದುಕೊಂಡವನೊಬ್ಬ ಸಾವಿರಾರು ಹೆಂಗಸರಿಗೆ ಯಾರೂ ಹೊರಗೆ ಹಾಕಲಾಗದ ಬಾಗಿಲು ಕೊಟ್ಟು ಹೋದ. ನನಗೆ ಅವರ ಮೇಲೆ ಅಪಾರವಾದ ಗೌರವವಿದೆ.

ಲೇಪಾಕ್ಷಿ ಹಿಂದೂಪುರದಿಂದ ಹದಿನೈದು ಕಿಲೋಮೀಟರ್. ಬಂದವರೆಲ್ಲ ತೂಗುವ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುತ್ತಾರೆ, ದೊಡ್ಡ ಬಸವನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಯಾರನ್ನಾದರೂ ಕರೆದುಕೊಂಡು ಹೋದರೆ ಗುಡಿಯ ಹಿಂದಿನ ನೆಲಬಂಡೆಯ ಹತ್ತಿರ ನಿಲ್ಲಿಸುತ್ತೇನೆ. ಅಲ್ಲಿ ಕಲ್ಲಿನಲ್ಲೇ ಕೊರೆದ ಊಟದ ತಟ್ಟೆಗಳಿವೆ, ಪಲ್ಯ ಸಾರಿಗೆಂದು ಬೇರೆ ಬೇರೆ ಕುಳಿಗಳ ಸಮೇತ. ಹದಿನಾರನೆಯ ಶತಮಾನದಲ್ಲಿ ವಿರೂಪಣ್ಣ ಗುಡಿ ಕಟ್ಟಿಸುವಾಗ ದೂರದಿಂದ ಬಂದ ಕಲ್ಲುಕುಟಿಗರು ಉಂಡ ತಟ್ಟೆಗಳು ಎಂದು ಹೇಳುತ್ತಾರೆ. ಗೋಡೆಯ ಕನ್ನಡ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ. ಉಂಡವರ ಹೆಸರಿಲ್ಲ, ಬಡಿಸಿದವರ ಹೆಸರಂತೂ ಇಲ್ಲವೇ ಇಲ್ಲ. ಬಡಿಸಿದವರ ಹೆಸರು ಉಳಿಯಬೇಕಿತ್ತು.

ಕಡಲೆಕಾಯಿ ಕೀಳುವ ಹೊತ್ತಿಗೆ ಅಪ್ಪನಿಗೆ ಹಿಂದೂಪುರದಲ್ಲೇ ಮತ್ತೆ ಕೆಲಸ ಸಿಕ್ಕಿತು. ಸಣ್ಣದೊಂದು ಬಾಡಿಗೆ ಮನೆ ಮಾಡಿದರು. ಒರಳುಕಲ್ಲು ಅಗೆದು ತೆಗೆಯಲು ಹೋದಾಗ ಖಾಲಾ ಒಪ್ಪಿದರು. ಕಾರ್ಡಿನ ವಿಳಾಸ ಬದಲಿಸುವ ಮಾತಿಗೆ ಮಾತ್ರ ಒಪ್ಪಲಿಲ್ಲ. “ಒಂದು ವರ್ಷ ಇಲ್ಲೇ ಇರ್ಲಿ. ಕೆಲಸ ನಿಂತ್ಕೊಳ್ತದೋ ಇಲ್ವೋ ನೋಡ್ಕೊಂಡು ಆಮೇಲೆ ಬದಲಾಯಿಸು.” ಅಪ್ಪ ಹೂಂ ಅಂದರು. ಆ ವರ್ಷವೆಲ್ಲ ನಾವು ಬೇರೆ ಮನೆಯಲ್ಲಿದ್ದೂ ಕಾಗದದ ಮೇಲೆ ಖಾಲಾ ಮನೆಯವರಾಗಿದ್ದೆವು.

2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಪೆದ್ದಮ್ಮ ಅದಕ್ಕೆ ಎಷ್ಟೋ ಮುಂಚೆ ತೀರಿಕೊಂಡಿದ್ದರು. ಅವರಿಗೆ ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆಗ ಹೇಳುವ ವಯಸ್ಸಾಗಿರಲಿಲ್ಲ. ಖಾಲಾ ಇದ್ದಾರೆ. ಹೋದ ಸಲ ಹೋದಾಗ, ಬಹಳ ದಿನದಿಂದ ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಅವರ ಮುಂದೆ ಇಟ್ಟೆ: ಅಡ್ಡ ಕಟ್ಟಿದ ಸೀರೆ, ಅಂಗಳಕ್ಕೆ ಹೋದ ಮಿಷಿನ್ನು, ಸಾಲಿನಲ್ಲಿ ಮಾಮು ಆಡಿದ ಮಾತು, ಚೀಲದ ಹೊಲಿಗೆ. ಅವರು ಕೇಳುತ್ತಾ ಕೇಳುತ್ತಾ ಕೈಯಾಡಿಸಿ ನಿಲ್ಲಿಸಿದರು. ಅವರಿಗೆ ಆ ವರ್ಷ ಬೇರೆಯೇ ಆಗಿ ನೆನಪಿತ್ತು. ಅವರ ದೊಡ್ಡ ಮಗಳು ಹೆರಿಗೆಗೆ ಬಂದದ್ದು, ನಡುರಾತ್ರಿ ನೋವು ಶುರುವಾದದ್ದು, ಅಮ್ಮ ಜಟಕಾ ಹುಡುಕಿಕೊಂಡು ಕತ್ತಲಲ್ಲಿ ಓಡಿದ್ದು, ಆಮೇಲೆ ಬಾಣಂತಿಗೆ ನೀರು ಹಾಕಿದ್ದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದ್ದು. ಆಗ ಅವರು ಬಿಚ್ಚಾಣಿಕೆಯ ಕೂಲಿ ಬಿಡುವ ಹಾಗಿರಲಿಲ್ಲ, ಮಗಳ ಹತ್ತಿರ ಇರಲು ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ.

“ನಿಮ್ಮಮ್ಮ ಆ ವರ್ಷ ನಮ್ಮನೆಗೆ ಬರದೇ ಇದ್ದಿದ್ರೆ ನಾನೇನು ಮಾಡ್ತಿದ್ದೆ ಹೇಳು” ಎಂದು ಅವರು ನನ್ನನ್ನೇ ಕೇಳಿದರು. ಒಳಗಿನಿಂದ ಅವರ ಮೊಮ್ಮಗಳು, ಆ ರಾತ್ರಿ ಹುಟ್ಟಿದವಳೇ, ಟೀ ತಂದಳು. ಅವಳಿಗೀಗ ಕಾಲೇಜಿಗೆ ಹೋಗುವ ಮಗನಿದ್ದಾನೆ. ಅವನು ಬೆಂಗಳೂರಿನಲ್ಲಿ ಸೀಟು ನೋಡುತ್ತಿದ್ದಾನಂತೆ, ಹಾಸ್ಟೆಲು ಸಿಗುವುದು ಕಷ್ಟವಂತೆ. ನಮ್ಮ ಮನೆಯ ವಿಳಾಸವನ್ನು ಅವನ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಬಸ್ಸಿಳಿದು ಯಾವ ಕಡೆ ತಿರುಗಬೇಕೆಂದು ಹೇಳಿ ಬಂದೆ.